ಮೇಲ್ಕಟ್ಟಿನ ಮುಂದಿನ ಕೋಲು

ಹೊಸ ಬಿಳಿ ಅಂಗಿಯ ಕಾಲರಿನಲ್ಲಿ ಬೆಲೆಚೀಟಿ ಕಟ್ಟಿದ್ದ ಪ್ಲಾಸ್ಟಿಕ್ ದಾರ ಹಾಗೇ ಉಳಿದಿತ್ತು. ಅಂಗಿ ತೊಟ್ಟವರ ಹಿಂದೆ ನಿಂತಿದ್ದ ನನಗೆ ಅದು ಕಾಣುತ್ತಿತ್ತು. ಹೇಳಲು ಸಂಕೋಚವಾಯಿತು.

ಅಂದು ಕ್ರಿಸ್ತರಾಜರ ಹಬ್ಬ. ಹೊಸನಗರದ ನಮ್ಮ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಫಾದರ್ ಪರಮಪ್ರಸಾದವನ್ನು, ಅಂದರೆ ಯೇಸುವೇ ಎಂದು ನಾವು ನಂಬುವ ರೊಟ್ಟಿಯನ್ನು, ಹಿಡಿದು ಪೇಟೆಯಲ್ಲಿ ಮೆರವಣಿಗೆ ಹೊರಡುತ್ತಾರೆ. ಅವರ ತಲೆಯ ಮೇಲೆ ರೇಷ್ಮೆಯ ಮೇಲ್ಕಟ್ಟು, ಅದಕ್ಕೆ ನಾಲ್ಕು ಕೋಲು. ಮುಂದಿನ ಬಲಗಡೆಯ ಕೋಲನ್ನು ಅಜ್ಜನ ನಂತರ ಅಪ್ಪನೇ ಹಿಡಿಯುತ್ತ ಬಂದಿದ್ದರು. ಈ ವರ್ಷ ಫಾದರ್ ಎಲ್ಲ ಮನೆಗಳಿಗೂ ಸರದಿ ಹಾಕಿದರು. ಯುವಜನರ ಕಾರ್ಯದರ್ಶಿಯಾಗಿ ನಾನೇ ರಿಪ್ಪನ್‌ಪೇಟೆಯ ಪಂಕ್ಚರ್ ಅಂಗಡಿಯವರಿಗೆ ಫೋನ್ ಮಾಡಿ, "ಈ ಸಲ ಮುಂದಿನ ಕೋಲು ನಿಮ್ದು" ಎಂದಿದ್ದೆ.

"ನಂದಾ? ಸರಿಯಾಗಿ ನೋಡಿದ್ರಾ ಮೇಡಂ?" ಎಂದು ನಕ್ಕಿದ್ದರು.

ಅಪ್ಪನಿಗೆ ಹೇಳುವುದನ್ನು ಮಾತ್ರ ನಾಳೆ ನಾಳೆ ಎಂದು ತಳ್ಳಿದೆ.

ಈ ರಾಜ ಊರೊಳಗೆ ಬಂದದ್ದು ಯುದ್ಧದ ಕುದುರೆಯ ಮೇಲಲ್ಲ, ಎರವಲು ತಂದ ಕತ್ತೆಯ ಮೇಲೆ ಎಂದು ಫಾದರ್ ಪ್ರಸಂಗದಲ್ಲಿ ಹೇಳಿದರು. ಅಪ್ಪ ತಲೆದೂಗುತ್ತ ಕೇಳಿದರು. ಹೊರಗೆ ಬಂದವರೇ, ಆ ಹೊಸ ಅಂಗಿ ತೊಟ್ಟು ಕೋಲು ಹಿಡಿದು ನಿಂತಿದ್ದ ಪಂಕ್ಚರ್ ಅಂಗಡಿಯವರ ಕೈಯ ಮೇಲೆ ಕೈಯಿಟ್ಟು, "ಇದು ನಮ್ಮನೇದು ಮಾರಾಯ, ನೀನು ಹಿಂದೆ ಬಾ" ಎಂದರು.

ಅಂಗಡಿಯವರು ತಿರುಗಿ ನನ್ನನ್ನು ನೋಡಿದರು. ನಾನು ಹಾಡಿನ ಪುಸ್ತಕದ ಪುಟ ತಿರುವಿದೆ.

"ಹಿಡ್ಕೊಳ್ಳಿ ಸಾರ್, ಅದಕ್ಕೇನು" ಎಂದು ಅವರು ಕೋಲು ಬಿಟ್ಟರು.

ಬಸ್‌ಸ್ಟ್ಯಾಂಡಿನ ಹತ್ತಿರ ಸಾಗರದ ಬಸ್ಸೊಂದು ಹಾರ್ನ್ ಹೊಡೆಯುತ್ತ ಮೆರವಣಿಗೆಗೆ ಅಡ್ಡ ನುಗ್ಗಿತು. ನಮ್ಮವರು ಕೆಲವರು ಡ್ರೈವರನಿಗೆ ಬೈಯತೊಡಗಿದರು. ಅಷ್ಟರಲ್ಲಿ ಪಂಕ್ಚರ್ ಅಂಗಡಿಯವರು ಹಿಂದಿನಿಂದ ಓಡಿಬಂದು, "ಸ್ವಲ್ಪ ತಡ್ಕೊ ಅಣ್ಣ, ದಾಟಿಬಿಡ್ತೀವಿ" ಎಂದು ಅವನಿಗೆ ಕೈಮುಗಿದರು. ಬೈಗುಳ ನಿಂತಿತು, ಬಸ್ಸೂ ನಿಂತಿತು. ಕೈಮುಗಿದು ನಿಂತ ಅವರ ಪಕ್ಕದಿಂದಲೇ ಅಪ್ಪ ಕೋಲನ್ನು ನೆಟ್ಟಗೆ ಹಿಡಿದು ನಡೆದರು. ಹಿಂದೆ ನಾನು, ಶಾಂತಿಯ ಅರಸನನ್ನು ಹಾಡಿ ಹೊಗಳುತ್ತ.

ಊಟಕ್ಕೆ ಕೂತಾಗ ಅಮ್ಮ, "ಮೆರವಣಿಗೆ ಯಾರ್ದು ರೀ, ಯೇಸುದಾ, ನಿಮ್ದಾ?" ಎಂದರು.

"ಅವನೇನು ಬೇಜಾರು ಮಾಡ್ಕೊಂಡಿಲ್ಲ" ಎಂದರು ಅಪ್ಪ.

"ಅವರಿಗೆ ಫೋನ್ ಮಾಡಿ ಕರೆದಿದ್ದು ನಾನು, ಅಪ್ಪ. ಈ ಸಲ ಅವರ ಸರದಿ."

ಅಪ್ಪನ ಕೈ ತಟ್ಟೆಯಲ್ಲಿ ನಿಂತಿತು. "ಮತ್ತೆ ಅಲ್ಲೇ ಬಾಯಿ ಬಿಡ್ಬೇಕಿತ್ತಲ್ಲ" ಎಂದರು.

ಮರುದಿನ ಬೆಳಿಗ್ಗೆ ರಿಪ್ಪನ್‌ಪೇಟೆಯ ಬಸ್ಸು ಹತ್ತಿದೆ. ಪಂಕ್ಚರ್ ಅಂಗಡಿಯವರು ನೀರಿನ ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ನೋಡುತ್ತಿದ್ದರು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿ, "ತಪ್ಪು ನಂದು" ಎಂದಷ್ಟೇ ಹೇಳಿದೆ.

"ನಂಗೇನಿಲ್ಲ ಮೇಡಂ" ಎಂದು ಅವರು ಕೈ ಒರೆಸಿಕೊಂಡರು. "ಆ ಅಂಗಿ ತಂದಿದ್ದು ನನ್ನ ಹೆಂಡ್ತಿ. ನಿನ್ನೆಯಿಂದ ಅವ್ಳು ನನ್ನ ಜೊತೆ ಮಾತಾಡಿಲ್ಲ. ಅವ್ಳಿಗೆ ಹೇಳಿ."

ಅಂಗಡಿಯ ಹಿಂದೆಯೇ ಅವರ ಮನೆ. ಚಪ್ಪಲಿ ಹೊರಗೆ ಬಿಟ್ಟು ಬಾಗಿಲು ತಟ್ಟಿದೆ.