ಎಡಗಡೆ ಸೀಟಿನವರ ಕೆಲಸ

ಬೆಳಿಗ್ಗೆ ಹೇಮ ಕಾರು ಹೊರಡಿಸಿಕೊಂಡು ಹೋದಳು. ಪೆಟ್ರೋಲಿನ ವಾಸನೆ ಮಾತ್ರ ಜಗಲಿಯಲ್ಲಿ ಉಳಿಯಿತು. ನನ್ನ ಚಹಾಕ್ಕೂ ಅದೇ ಹತ್ತಿದಂತಾಗಿ ಲೋಟ ಕೆಳಗಿಟ್ಟೆ. ಈ ವಾಸನೆ ನಿಮಗೆ ಪೆಟ್ರೋಲ್ ಬಂಕಿನ ನೆನಪು ತರಬಹುದು. ನನಗೆ ನೆನಪಾಗುವುದು ಸವಣೂರಿನ ಒಂದು ಗ್ಯಾರೇಜು ಮತ್ತು ಮರಳು ತುಂಬಿದ ಬಕೆಟು.

ಹೇಮ ನನ್ನ ಹೆಂಡತಿ. ಕಾರು ಅವಳದು, ಅದಕ್ಕೂ ಮೊದಲು ಅವಳ ಅಪ್ಪನದು. ಇಚಿಲಂಪಾಡಿಯ ನನ್ನ ಮಾವ ಹರೆಯದಲ್ಲಿ ಘಟ್ಟದ ಮೇಲಿನ ಕಾಫಿ ತೋಟದವರೊಬ್ಬರಿಂದ ಕೊಂಡ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಎರಡೇ ಸೀಟು, ಮಡಚಿಡುವ ಬಟ್ಟೆಯ ಮಾಡು. ಅದರಲ್ಲಿ ಕೂತರೆ ನೆಲ ಎಷ್ಟು ಹತ್ತಿರವೆಂದರೆ, ರಸ್ತೆ ಬದಿಯ ನಾಯಿಗಳು ನಮ್ಮನ್ನು ತಮ್ಮ ಸರೀಕರಂತೆ ನೋಡುತ್ತಿದ್ದವು. ಹೇಮ ಡ್ರೈವಿಂಗ್ ಕಲಿತದ್ದೇ ಅದರಲ್ಲಿ. ಆ ಕಾರಿನ ಮೇಲೆ ಅವಳಿಗಿರುವ ಪ್ರೀತಿ ನೋಡಿ ನನಗೆ ಒಮ್ಮೊಮ್ಮೆ ಹೊಟ್ಟೆಕಿಚ್ಚಾಗುವುದೂ ಉಂಟು. ಕಣ್ಣಿಗೆ ಪೊರೆ ಬಂದ ಮೇಲೆ ಮಾವ ಅದನ್ನು ಅವಳಿಗೆ ಕೊಟ್ಟರು, ಒಂದು ಷರತ್ತಿನ ಮೇಲೆ.

"ತಗಡಿಗೆ ಒಂದು ತೂತು ಬಿದ್ರೆ ಸಹ ಗಾಡಿ ವಾಪಸ್ ನನ್ನ ಶೆಡ್ಡಿಗೆ. ಮತ್ತೆ ಕೀ ಕೇಳ್ಲಿಕ್ಕಿಲ್ಲ."

ಮಾವ ಹೇಳಿದರೆ ಹೇಳಿದ್ದೇ. ಅವರ ಮಾತು ಹಿಂದೆ ತೆಗೆದುಕೊಂಡದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಕಾರಿಗೆ ಇದ್ದ ರೋಗ ಒಂದೇ, ಪೆಟ್ರೋಲ್ ಪಂಪಿನದು. ಕೀ ತಿರುಗಿಸಿದರೆ ಅದು ಟಿಕ್ ಟಿಕ್ ಎಂದು ಬಡಿಯಬೇಕು. ಮನಸ್ಸಿಲ್ಲದ ದಿನ ನಡುದಾರಿಯಲ್ಲೇ ಸುಮ್ಮನಾಗುತ್ತಿತ್ತು. ಸುತ್ತಿಗೆಯ ಹಿಡಿಯಿಂದ ಒಂದು ಪೆಟ್ಟು ಹಾಕಿದರೆ ಮತ್ತೆ ಎಚ್ಚರ. ಆದರೆ ಪಂಪು ಇದ್ದದ್ದು ಕಾರಿನ ಕೆಳಗೆ, ಎಡಗಡೆಯ ಹಿಂದಿನ ಚಕ್ರದ ಹತ್ತಿರ. ರಸ್ತೆಯಲ್ಲಿ ಅಂಗಾತ ಮಲಗಿಯೇ ಕೈ ತೂರಿಸಬೇಕು. ಆ ಮನೆಯ ಪದ್ಧತಿಯಲ್ಲಿ ಇದು ಎಡಗಡೆ ಸೀಟಿನವರ ಕೆಲಸ. ಓಡಿಸುವವರು ಕೀ ಹಿಡಿದು ಕೂತಿರುತ್ತಾರೆ, ಎಡಗಡೆಯವರು ಇಳಿದು ಮಲಗುತ್ತಾರೆ. ಮಾವನ ಕಾಲದಲ್ಲಿ ಅತ್ತೆ ಮಲಗುತ್ತಿದ್ದರು, ಆಮೇಲೆ ನಾನು. ಅಳಿಯನಿಗೆ ಅತ್ತೆ ಕೊಟ್ಟ ಉಪದೇಶವೂ ಒಂದೇ: "ಬೆನ್ನಿಗೆ ಒಂದು ಗೋಣಿ ಇಟ್ಟುಕೊಳ್ಳಿ. ಡಾಮರು ಬಿಸಿ ಇರ್ತದೆ."

ಒಂದು ದಿನ ಜಾಲ್ಸೂರಿನ ಆಚೆ ತಿರುವಿನಲ್ಲಿ ಕಾರು ನಿಂತಿತು. ಎಡಕ್ಕೆ ಎತ್ತರದ ಮಣ್ಣಿನ ದರೆ, ಬದಿಯಿಂದ ತೂರಲು ಜಾಗವಿಲ್ಲ. ಕಾರಿನ ಹಿಂದಿನಿಂದ ನುಗ್ಗಿದೆ. ಕಾಲೆರಡೂ ರಸ್ತೆಯಲ್ಲೇ ಉಳಿದವು. ಪಂಪಿಗೆ ಕೈ ತಾಗುವಷ್ಟರಲ್ಲಿ ಹೇಮ ಕಿರುಚಿದ್ದು ಕೇಳಿಸಿತು, ಅದರ ಬೆನ್ನಿಗೇ ಬ್ರೇಕಿನ ಸದ್ದು. ಕಾಸರಗೋಡಿನ ಬಸ್ಸು ನನ್ನ ಚಪ್ಪಲಿಯ ಮೇಲೆ ಹತ್ತಿ ಹೋಯಿತು. ಅದರಲ್ಲಿ ಕಾಲು ಇರಲಿಲ್ಲ ಎಂಬುದು ನನಗೇ ಆಮೇಲೆ ಗೊತ್ತಾಯಿತು.

ಹೇಮ ಇಳಿದು ಬಂದು ಆ ಚಪ್ಪಲಿಯನ್ನು ಎತ್ತಿ ಬದಿಗಿಟ್ಟಳು. ಮತ್ತೆ ಹೇಳಿದಳು, "ಪಂಪಿನ ಮೇಲಿನ ತಗಡು ಕೊಯ್ಯುವ."

"ನಿನ್ನ ಅಪ್ಪನಿಗೆ ಗೊತ್ತಾದ್ರೆ?"

"ಹೇಳುದು ಬೇಡ. ಮೇಲೆ ಮ್ಯಾಟ್ ಹಾಸಿದ್ರೆ ಯಾರಿಗೆ ಕಾಣ್ತದೆ?"

ಪುತ್ತೂರಿನ ಹತ್ತಿರದ ಸವಣೂರಿನಲ್ಲಿ ಟಿಂಕರಿಂಗ್ ಮಾಡುವ ಸಂಜೀವಣ್ಣನ ಗ್ಯಾರೇಜಿಗೆ ಹೋದೆವು. ಹೊಸ ಪಂಪು ಹಾಕಿದರೆ ಸಾಲದೇ ಎಂದು ನಾನು ಕೇಳಿದೆ. "ಹೊಸತೂ ಇದೇ ಜಾತಿದು ಮಾರಾಯ್ರೆ, ಒಂದು ದಿನ ಹಠ ಮಾಡುದೇ," ಎಂದರು ಅವರು. ಎಡಗಡೆ ಸೀಟಿನ ಹಿಂದೆ ನೆಲದ ತಗಡನ್ನು ಕೊಯ್ದು, ಮೇಲೆ ಸ್ಕ್ರೂ ಹಾಕುವ ಮುಚ್ಚಳ ಕೂರಿಸುವುದೆಂದು ತೀರ್ಮಾನವಾಯಿತು.

ಮುಚ್ಚಳದ ಅಳತೆ ನನ್ನ ಪಾಲಿಗೆ ಬಂತು. ನೆಲ ಅಲ್ಲಲ್ಲಿ ಉಬ್ಬಿದ್ದರಿಂದ ಕಾಗದ ಸರಿಯಾಗಿ ಕೂರಲಿಲ್ಲ. ನಾನು ಅಡಿಕೆ ಸೋಗೆಯ ಬುಡದ ಒಂದು ದಪ್ಪ ಹಾಳೆಯನ್ನು ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ನೆಲಕ್ಕೊತ್ತಿ, ಕೊಯ್ಯಲು ಹಾಕಿದ್ದ ಗೆರೆಗಿಂತ ಒಂದು ಬೆರಳು ದೊಡ್ಡದಾಗಿ ಕತ್ತರಿಸಿದೆ. ನನ್ನ ಬುದ್ಧಿಗೆ ನಾನೇ ಬೆರಗಾಗಿ ಅದನ್ನು ಬಿಸಿಲಿನಲ್ಲಿಟ್ಟೆ.

ಅಷ್ಟರಲ್ಲಿ ಟ್ಯಾಂಕು ಖಾಲಿ ಮಾಡಿ, ಬ್ಯಾಟರಿ ಕಳಚಿಯಾಗಿತ್ತು. ಆದರೂ ವಾಸನೆ ಹೋಗಲಿಲ್ಲ. ಖಾಲಿ ಟ್ಯಾಂಕಿನ ಆವಿಯೇ ಹೆಚ್ಚು ಅಪಾಯ, ಒಂದು ಕಿಡಿ ಸಾಕು ಎಂದು ಸಂಜೀವಣ್ಣ ಗ್ರೈಂಡರ್ ಮುಟ್ಟಲಿಲ್ಲ. ಕೈಯಲ್ಲಿ ತಿರುಗಿಸುವ ಡ್ರಿಲ್ಲು, ತಗಡಿನ ಕತ್ತರಿ, ಕೆಳಗೆ ಒದ್ದೆ ಗೋಣಿ. ಡ್ರಿಲ್ಲು ಕಿರ್ ಎಂದಾಗಲೆಲ್ಲ ನಾನು ಬಕೆಟಿನ ಮರಳನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದೆ. ಹೇಮ ತಗಡಿನ ಅಂಚು ಹಿಡಿದು ಬಗ್ಗಿದ್ದಳು. ಹೆಂಡತಿಯನ್ನು ಅಪಾಯದ ಹತ್ತಿರ ಬಿಟ್ಟು ಮರಳು ಹಿಡಿದು ದೂರ ನಿಂತಿದ್ದೇನಲ್ಲ ಎಂದು ನಾಚಿಕೆಯಾಯಿತು, ಆದರೆ ಹತ್ತಿರ ಹೋಗುವಷ್ಟು ಧೈರ್ಯ ಬರಲಿಲ್ಲ. ಕೊನೆಗೆ ತಗಡಿನ ತುಂಡು ಕೈಗೆ ಬಂತು. ಮೂವರೂ ಉಸಿರು ಬಿಟ್ಟೆವು.

ಊಟ ಮುಗಿಸಿ ಬಂದ ಸಂಜೀವಣ್ಣ ನನ್ನ ಹಾಳೆಯ ಅಳತೆಗೆ ಮುಚ್ಚಳ ಕೊಯ್ದು ತೂತಿನ ಮೇಲಿಟ್ಟರು. ಅದು ಠಣ್ ಎಂದು ತೂತಿನೊಳಗಿಂದ ನೆಲಕ್ಕೆ ಬಿತ್ತು. ನೆನೆದ ಹಾಳೆ ಬಿಸಿಲಿಗೆ ಕುಗ್ಗುತ್ತದೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹಾಳೆಯ ನಡುವೆಯೇ ಬೆಳೆದ ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ.

ಇನ್ನೊಂದು ಕೊಯ್ಯುವ ಮೊದಲೇ ರಸ್ತೆಯಲ್ಲಿ ಒಂದು ಜೀಪು ನಿಂತಿತು. ಕಣ್ಣಿನ ಡಾಕ್ಟರಲ್ಲಿಗೆಂದು ಪುತ್ತೂರಿಗೆ ಹೊರಟಿದ್ದ ಮಾವ, ಅತ್ತೆ. ಪೊರೆ ಬಂದ ಕಣ್ಣಿಗೂ ಆ ಕೆಂಪು ಬಣ್ಣ ತಪ್ಪಿರಲಿಲ್ಲ.

ಮಾವ ಬಗ್ಗಿ ನೋಡಿದರು. ತೂತಿನೊಳಗೆ ಕೈಯಾಡಿಸಿದರು. "ಎಂತ ಇದು?"

"ಪಂಪಿಗೆ ಬಾಗಿಲು, ಅಪ್ಪ."

"ಯಾರನ್ನು ಕೇಳಿ ಕೊಯ್ದದ್ದು?"

"ಕೇಳಿದ್ರೆ ನೀವು ಬೇಡ ಹೇಳ್ತಿದ್ರಿ."

ಮಾವ ಕೈ ಚಾಚಿದರು. "ಕೀ ಕೊಡು."

ಹೇಮ ಕೀ ತೆಗೆದಳು, ಆದರೆ ಕೊಡಲು ಕೈ ಮುಂದೆ ಬರಲಿಲ್ಲ. ಚಪ್ಪಲಿಯ ಕಥೆ ಹೇಳಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಯಾರನ್ನೂ ನೋಡದೆ ಬಾಗಿಲು ತೆರೆದು ಎಡಗಡೆ ಸೀಟಿನಲ್ಲಿ ಕೂತರು. ಕೂತಲ್ಲಿಂದಲೇ ಹಿಂದಕ್ಕೆ ಕೈ ಹಾಕಿದರು. ಅವರ ಬಳೆ ಪಂಪಿಗೆ ತಾಗಿದ ಸದ್ದು ನಮಗೆಲ್ಲ ಕೇಳಿಸಿತು.

"ಇಷ್ಟು ಹತ್ತಿರ ಇತ್ತಾ ಇದು?" ಎಂದರು. ಕೈ ತೆಗೆಯದೆಯೇ ಮಾವನ ಕಡೆ ತಿರುಗಿದರು.

"ಇವಳು ಹೊಟ್ಟೆಯಲ್ಲಿರುವಾಗ ಸಹ ನಾನು ರಸ್ತೆಯಲ್ಲಿ ಮಲಗಿದ್ದೇನೆ. ಕೂತಲ್ಲಿಗೇ ಸಿಗ್ತಿತ್ತಾ ಇದು, ಹೇಳಿ?"

ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕೇಳಲಾಗದಂತಿತ್ತು. ಮಾವನ ಚಾಚಿದ ಕೈ ಮೆಲ್ಲಗೆ ಕೆಳಗಿಳಿಯಿತು. ಸಂಜೀವಣ್ಣನ ಕಡೆ ತಿರುಗಿ, "ಮುಚ್ಚಳ ಸರಿ ಅಳತೆಗೆ ಮಾಡಿ," ಎಂದಷ್ಟೇ ಹೇಳಿ ಜೀಪು ಹತ್ತಿದರು. ಆಮೇಲೆ ನಿನ್ನೆಯವರೆಗೂ ಅವರು ಆ ಕಾರಿನ ಸುದ್ದಿಯನ್ನೇ ಎತ್ತಲಿಲ್ಲ, ಅದರಲ್ಲಿ ಕೂರಲೂ ಇಲ್ಲ.

ನಿನ್ನೆ ಇಬ್ಬರೂ ನಮ್ಮಲ್ಲಿಗೆ ಬಂದಿದ್ದಾರೆ. ಇವತ್ತು ಬೆಳಿಗ್ಗೆ ಸುಳ್ಯಕ್ಕೆ ಹೊರಟ ಹೇಮಳ ಜೊತೆ ಮಾವ ತಾವಾಗಿಯೇ ಹೋಗಿ ಎಡಗಡೆ ಕೂತರು. ಜಗಲಿಯಲ್ಲಿ ನನಗೆ ಸಮಾಧಾನವಿರಲಿಲ್ಲ. ಈಗಷ್ಟೇ ಅವರ ಫೋನು ಬಂತು. ಕಿವಿ ಮಂದವಾದ ಅತ್ತೆಗಾಗಿ ಸ್ಪೀಕರ್ ಹಾಕಿದೆ.

"ದಾರಿಯಲ್ಲಿ ನಿಂತಿತ್ತು. ಈಗ ಹೊರಟಿತು," ಎಂದರು ಮಾವ.

"ಕೈ ಎಟುಕಿತಾ ನಿಮಗೆ?" ಎಂದು ಅತ್ತೆ ಕೇಳಿದರು.

"ಎಟುಕಿತು." ಮಾವನ ದನಿ ತಗ್ಗಿತು. "ಆ ತೂತಿನಲ್ಲಿ ಕೆಳಗೆ ರಸ್ತೆ ಕಾಣ್ತದೆ, ಮಾರಾಯ್ತಿ. ನೀನು ಹೇಗೆ ಮಲಗ್ತಿದ್ದಿ ಅಲ್ಲಿ?"

ಅತ್ತೆ ಫೋನಿಗೆ ಕೈ ಚಾಚಿದರು. ಸ್ಪೀಕರ್ ಆರಿಸದೆಯೇ ಫೋನನ್ನು ಅವರ ಕೈಗೆ ಕೊಟ್ಟು ನಾನು ಒಳಗೆ ಹೋದೆ.