‘ಚೆನ್ನಾಗಿದೆ’ ಅನ್ನಬೇಡಿ ಎಂದವಳು

“ಚೆನ್ನಾಗದ ಅಂತ ಮಾತ್ರ ಅನ್ಬೇಡಿ ಅಕ್ಕ. ಎಲ್ರೂ ಅಂಗೇ ಏಳ್ಬುಟ್ಟು ಓಯ್ತರ, ತಿರ್ಗಾ ಒಬ್ರೂ ಬರಲ್ಲ.”

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಹೊಸದಾಗಿ ತೆರೆದ ಮೆಕ್ಸಿಕನ್ ಹೋಟೆಲನ್ನು ನಡೆಸುವ ಹೆಣ್ಣುಮಗಳು ನಮ್ಮ ಟೇಬಲ್ಲಿನ ಪಕ್ಕ ನಿಂತು ಹೀಗೆಂದಾಗ, ನನ್ನ ಬಾಯಲ್ಲಿ ಅದೇ ಮಾತು ಸಿದ್ಧವಾಗಿತ್ತು. ನಮ್ಮ ಮದುವೆಯ ವಾರ್ಷಿಕೋತ್ಸವವೆಂದು ನಾನೇ ಹಟ ಹಿಡಿದು ಯಜಮಾನರನ್ನು ಚಾಮರಾಜನಗರದಿಂದ ಅಲ್ಲಿಗೆ ಹೊರಡಿಸಿದ್ದೆ. ಟ್ಯಾಕೊ ಎಂದು ಬಂದ ಮಡಚಿದ ರೊಟ್ಟಿ ಮೆತ್ತಗಾದ ಹಪ್ಪಳದಂತಿತ್ತು. ಒಳಗಿನ ರಾಜ್ಮಾ ಕಾಳು ಹಲ್ಲಿಗೆ ಸಿಕ್ಕರೆ ಕಟಕ್ಕೆನ್ನುತ್ತಿತ್ತು. ಇಬ್ಬರೂ ಅರ್ಧಕ್ಕೇ ಬಿಟ್ಟು, ಮನೆಯಲ್ಲಿ ಮಧ್ಯಾಹ್ನದ ಅನ್ನ ಉಳಿದಿದೆಯೇ ಎಂದು ಯೋಚಿಸುತ್ತಿದ್ದೆವು.

ಅವಳ ಮುಖ ನೋಡಿಕೊಂಡು ಸುಳ್ಳು ಹೇಳಲಾಗಲಿಲ್ಲ. “ಕಾಳು ಬೆಂದಿಲ್ಲ ಕಣವ್ವ. ರೊಟ್ಟಿನೂ ತಣ್ಣಗದ” ಎಂದೆ.

ಅವಳು ಪಕ್ಕದ ಕುರ್ಚಿ ಎಳೆದು ಕುಳಿತಳು. ನಾನು ಮುಟ್ಟದೆ ಉಳಿಸಿದ್ದ ಒಂದು ಟ್ಯಾಕೊ ಎತ್ತಿ ಕಚ್ಚಿ, ನಿಧಾನವಾಗಿ ಅಗಿದಳು. ಕಣ್ಣು ತುಂಬಿ ಬಂತು. “ದಿಟ ಅಕ್ಕ. ಕಾಳ್ನ ಇನ್ನೂ ನೆನಸ್ಬೇಕಾಗಿತ್ತು” ಎಂದು ತಟ್ಟೆಗಳನ್ನು ತಾನೇ ಎತ್ತಿಕೊಂಡು ಒಳಗೆ ಹೋದಳು.

ವಾಪಸು ಬರುವಾಗ, ಮನೆಯಲ್ಲಿ ಏನು ಬಡಿಸಿದರೂ ತಲೆಯಾಡಿಸಿ ಉಣ್ಣುವ ಯಜಮಾನರನ್ನು, ನನ್ನ ಸಾರು ನಿಜಕ್ಕೂ ಹೇಗಿರುತ್ತದೆ ಎಂದು ಕೇಳಿದೆ. ಅವರು ಕಾರು ಓಡಿಸುತ್ತಲೇ, “ಉಪ್ಪು ವಸಿ ಮುಂದಾಯ್ತದ ಕಣಮ್ಮಿ” ಎಂದರು. ಬೇಸರವಾಯಿತು. ಆದರೆ ಆ ಹುಡುಗಿ ಗುರುತಿಲ್ಲದವರ ಮುಂದೆ ನಿಂತು ಕೇಳಿದ ಮಾತನ್ನು ನನ್ನ ಮನೆಯವರನ್ನೇ ಕೇಳಲು ನನಗೆ ಇಷ್ಟು ವರ್ಷ ಬೇಕಾಯಿತು.