ಚಿಕ್ಕಯ್ಯ ಮುಚ್ಚಿಟ್ಟ ಶತ್ರುಗಳು

ವಿದ್ಯಾರಣ್ಯಪುರಂನ ಚಿಕ್ಕಯ್ಯನಿಗೆ ದಸರಾ ವಸ್ತುಪ್ರದರ್ಶನದಲ್ಲಿ ಕೋಲು ಹಿಡಿದು ಹಳೇ ಕಲ್ಲುಗಳ ಕಥೆ ಹೇಳುವ ಕೆಲಸ ಸಿಕ್ಕಿದ್ದು, ಕನ್ನಡ ನಾಡು ಒಂದಾಗುತ್ತಿದ್ದ ವರ್ಷ. ತಮಟೆಯಂಥ ಗಂಟಲು ಅವನದು. ಗ್ರಹಚಾರ ನೋಡಿ, ಪ್ರದರ್ಶನದ ಮಂಟಪಕ್ಕೆ ತಂದ ಕಲ್ಲುಗಳಲ್ಲಿ ಅವನ ಹುಟ್ಟಿದ ಹಳ್ಳಿಯ ವೀರಗಲ್ಲೂ ಒಂದು.

ಹಿಂದೊಂದು ಕಾಲದಲ್ಲಿ ಹಳ್ಳದಾಚೆಯ ಊರಿನವರು ದನ ಹೊಡೆದುಕೊಂಡು ಹೋಗಲು ಬಂದಾಗ ಅಡ್ಡ ನಿಂತು ಸತ್ತವನು ಚಿಕ್ಕಯ್ಯನ ಕುಲದ ಹಿರಿಯ. ಕಲ್ಲಿನ ಬರಹವೂ ಅದನ್ನೇ ಹೇಳುತ್ತದೆ. ಆ ತಪ್ಪಿಗಾಗಿ ಆಚೆಯೂರಿನವರು ವರ್ಷಕ್ಕೊಮ್ಮೆ, ಕಾರ್ತೀಕದಲ್ಲಿ, ಕೊಡದ ತುಂಬ ಹಾಲು ತಂದು ಕಲ್ಲಿಗೆ ಎರೆಯಬೇಕು. ಎರೆದ ಮೇಲೆಯೇ ಎರಡೂರಿನ ನಡುವೆ ಹೆಣ್ಣು ಕೊಟ್ಟು ತರುವುದು. ಚಿಕ್ಕಯ್ಯನ ತಂಗಿ ಸರೋಜಮ್ಮನನ್ನು ಆಚೆಯೂರಿನ ಯಜಮಾನ ಮರಿಸ್ವಾಮಿಯ ಮಗನಿಗೇ ಗೊತ್ತು ಮಾಡಿದ್ದರು.

ಈ ಕಥೆ ಕೇಳಿ ಮಂಟಪದ ಮೇಲ್ವಿಚಾರಕ ಅನಂತಪದ್ಮನಾಭಯ್ಯ ತಲೆ ಕೊಡವಿದರು.

"ನಾಡು ಒಂದಾಗೋ ಹೊತ್ತಲ್ಲಿ ಕನ್ನಡದೋರೇ ಕನ್ನಡದೋರನ್ನ ಕಡಿದ್ರು ಅನ್ನೋಕಾಗುತ್ತೇನಯ್ಯಾ? ಮಂತ್ರಿಗಳು ಬರ್ತಾರೆ. ಚೋಳರು ಅನ್ನು."

ಎರಡು ದಿನ ಚೋಳರೇ ಕಡಿದರು. ಆಮೇಲೆ ಮೇಲ್ವಿಚಾರಕರು ಮತ್ತೆ ಕರೆದರು.

"ಚೋಳರೂ ಬೇಡ ಮಾರಾಯ, ಗಡಿ ಮಾತು ಬಿಸಿಯಾಗಿದೆ. ಬರೀ ಶತ್ರುಗಳು ಅನ್ನು."

"ಯಾವ ಶತ್ರುಗಳು ಅಂತ ಕೇಳಿದ್ರೆ, ಸ್ವಾಮಿ?"

"ಕೋಲು ತೋರಿಸ್ತಾ ಮುಂದಕ್ಕೆ ಹೋಗು. ಕೆಲಸ ಬೇಕೋ ಬೇಡವೋ?"

ಆ ವಾರವೇ ಎರಡೂರಿನ ಜನ ಪ್ರದರ್ಶನ ನೋಡಲು ಬಂದರು. ಚಿಕ್ಕಯ್ಯನ ಬಾಯಲ್ಲಿ 'ಶತ್ರುಗಳು' ಕೇಳಿದ್ದೇ ತಡ, ಮರಿಸ್ವಾಮಿ ತೊಡೆ ತಟ್ಟಿಕೊಂಡು ನಕ್ಕ.

"ಅಂಗಾರೆ ನಾವಲ್ಲ ಬುಡು! ಸರ್ಕಾರವೇ ಹೇಳ್ಬುಡ್ತು. ಇಷ್ಟು ಕಾಲ ಬಿಟ್ಟಿ ಹಾಲು ಹುಯ್ಸ್ಕೊಂಡ್ರಲ್ಲೋ!"

ಚಿಕ್ಕಯ್ಯನ ತಂದೆ ಪುಟ್ಟಸ್ವಾಮಿಯ ಕಣ್ಣು ಕೆಂಪಾಯಿತು.

"ಲೋ ಮಗಾ, ಕಲ್ಲಲ್ಲಿ ಇರೋದ ಓದೋ. ಎಲ್ಲಾ ಕೇಳ್ಲಿ."

ಓದಿದರೆ ಕೆಲಸ ಹೋಯಿತು, ಬೀಗರ ಮುಖಕ್ಕೆ ನೆರೆದ ಜನದೆದುರು ಮಸಿ ಬಳಿದಂತಾಯಿತು. ಓದದಿದ್ದರೆ ಹಾಲಿಲ್ಲ, ಹಾಲಿಲ್ಲದ ಮನೆಗೆ ಅಪ್ಪ ಹೆಣ್ಣು ಕೊಡುವವನಲ್ಲ. ಬೆನ್ನ ಹಿಂದೆ ಅನಂತಪದ್ಮನಾಭಯ್ಯ ಕೆಮ್ಮಿದರು. ಚಿಕ್ಕಯ್ಯನ ಕೋಲು ತಾನಾಗಿಯೇ ಪಕ್ಕದ ಕಲ್ಲಿನತ್ತ ತಿರುಗಿತು. ಪುಟ್ಟಸ್ವಾಮಿ ಟವೆಲ್ ಒದರಿ ಹೊರಟುಹೋದ.

ಆ ಕಾರ್ತೀಕದಲ್ಲಿ ಹಾಲು ಬರಲಿಲ್ಲ. ಮದುವೆ ಮುರಿಯಿತು. ಪ್ರದರ್ಶನ ಮುಗಿದ ಮೇಲೂ ಕಲ್ಲನ್ನೂ ಚಿಕ್ಕಯ್ಯನನ್ನೂ ಪ್ರಾಚ್ಯವಸ್ತು ಕಚೇರಿ ಉಳಿಸಿಕೊಂಡಿತು, ಕೆಲಸ ಕಾಯಂ ಆಯಿತು. ಊರಲ್ಲಿ ಮುಖ ತೋರಿಸಲಾಗದೆ ಸರೋಜಮ್ಮ ಅಣ್ಣನ ಮನೆ ಸೇರಿದಳು. ಆಮೇಲೆ ಬಂದ ಗಂಡುಗಳನ್ನೆಲ್ಲ ಅವಳೇ ಬೇಡವೆಂದಳು.

ಈಗಲೂ ಅವನು ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತರೆ, ತಟ್ಟೆಗೆ ಮುದ್ದೆ ಇಡುತ್ತಾ ಕೇಳುತ್ತಾಳೆ:

"ಇವತ್ತು ಯಾರು ಕೊಂದ್ರಣ್ಣ?"